ಅಂಕಿತವಿಲ್ಲದ ಹಾಡುಗಳು

ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಸಂಘದ ಮಕ್ಕಳು ‘ಗಂಧದ ಗುಡಿ’ ಚಿತ್ರದ ಕನ್ನಡ ನಾಡಿನ ಹಾಡಿಗೆ ಕುಣಿದದ್ದು ಬಂದಿದ್ದವರಿಗೆಲ್ಲ ನೆನಪಿರಬಹುದು. ಪುಣೆಯಲ್ಲೇ ಹುಟ್ಟಿ, ಮನೆಯ ಹೊರಗೆ ಮರಾಠಿ ಹಿಂದಿಗಳಲ್ಲೇ ಆಡಿ ಬೆಳೆದ ಮಕ್ಕಳು ಆ ಹಾಡಿನ ಒಂದೊಂದು ಮಾತನ್ನೂ ಬಾಯಿಪಾಠವಾಗಿ ಹೇಳುತ್ತಿದ್ದರು. ಕುಣಿತ ಮುಗಿದ ಮೇಲೆ ರಸಪ್ರಶ್ನೆ. ನಿರೂಪಕರು, ‘ಈ ಹಾಡು ಯಾರದು?’ ಎಂದು ಕೇಳಿದರು. ಸಭೆಗೆ ಸಭೆಯೇ ‘ರಾಜಕುಮಾರ್!’ ಎಂದು ಕೂಗಿತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಮಾತ್ರ ಎದ್ದು ನಿಂತು, ‘ತೆರೆಯ ಮೇಲೆ ರಾಜಕುಮಾರ್, ನಿಜ. ಆದರೆ ಹಾಡಿದವರು ಪಿ.ಬಿ. ಶ್ರೀನಿವಾಸ್’ ಎಂದು ತಿದ್ದಿದರು. ಚಪ್ಪಾಳೆ ಬಿತ್ತು, ಬಹುಮಾನ ಅವರಿಗೇ ಹೋಯಿತು.

ಹಾಡನ್ನು ಬರೆದವರ ಹೆಸರನ್ನು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಗೊತ್ತಿದ್ದೂ ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ಮನೆಗೆ ಬಂದು ಊಟಕ್ಕೆ ಕುಳಿತಾಗ ಹೊಳೆಯಿತು, ನಾಚಿಕೆಯೂ ಆಯಿತು. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ನಾನು ಚಿತ್ರ ವಿಮರ್ಶಕನಲ್ಲ, ಸಾಹಿತಿಯಂತೂ ಅಲ್ಲವೇ ಅಲ್ಲ. ಬಿ.ಎಸ್ಸಿ. ಓದಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾದವನು. ಆದರೆ ಬರೆದವನೊಬ್ಬ, ಹೆಸರು ಇನ್ನೊಬ್ಬನದು ಎನ್ನುವ ವ್ಯವಹಾರ ನನಗೆ ಚೆನ್ನಾಗಿ ಗೊತ್ತು. ಕಚೇರಿಯಿಂದ ಹೊರಡುವ ಪತ್ರದ ಕರಡನ್ನು ನಾನು ಬರೆಯುತ್ತೇನೆ, ಸಹಿ ಸಾಹೇಬರದು. ಅದರಲ್ಲಿ ಅನ್ಯಾಯವೇನೂ ಇಲ್ಲ, ಪದ್ಧತಿಯೇ ಹಾಗಿದೆ. ಆದರೂ ಕಡತದ ಒಳಗೆ ಎಲ್ಲೋ ಒಂದು ಮೂಲೆಯಲ್ಲಿ ಕರಡು ಮಾಡಿದವನ ಕಿರುಸಹಿ ಉಳಿದಿರುತ್ತದೆ. ಹತ್ತು ವರ್ಷಗಳ ನಂತರ ಯಾರಾದರೂ ಕಡತ ಬಿಚ್ಚಿದರೆ ಈ ವಾಕ್ಯಗಳು ಯಾರವು ಎಂದು ತಿಳಿಯುತ್ತದೆ. ಚಲನಚಿತ್ರದಲ್ಲಿ ಆ ಕಿರುಸಹಿ ಇರುವುದು ಚಿತ್ರದ ಆರಂಭದಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ. ಆ ಹೊತ್ತಿಗೆ ನಾವು ಕತ್ತಲಲ್ಲಿ ಕುರ್ಚಿ ಹುಡುಕುತ್ತಿರುತ್ತೇವೆ!

‘ಗಂಧದ ಗುಡಿ’ ತೆರೆಗೆ ಬಂದದ್ದು 1973ರಲ್ಲಿ. ನಿರ್ಮಾಪಕರು ಎಂ.ಪಿ. ಶಂಕರ್, ನಿರ್ದೇಶಕರು ವಿಜಯ್, ಸಂಗೀತ ರಾಜನ್-ನಾಗೇಂದ್ರ. ಆ ಹಾಡನ್ನು ಬರೆದವರು ಚಿ. ಉದಯಶಂಕರ್. ಮೂವತ್ತು ವರ್ಷಗಳ ಕಾಲ ನೂರಾರು ಚಿತ್ರಗಳಿಗೆ ಮಾತು, ಹಾಡು, ಚಿತ್ರಕಥೆಗಳನ್ನು ಬರೆದ ಈ ಮನುಷ್ಯನ ವೃತ್ತಿಜೀವನ ಕನ್ನಡ ಚಿತ್ರರಂಗದ ಚರಿತ್ರೆಯ ಒಂದು ದೊಡ್ಡ ಭಾಗ.

ಉದಯಶಂಕರ್ ಹುಟ್ಟಿದ್ದು 1934ರಲ್ಲಿ. ಬರವಣಿಗೆ ಅವರಿಗೆ ಮನೆಯಲ್ಲೇ ಸಿಕ್ಕ ವಿದ್ಯೆ. ತಂದೆ ಚಿ. ಸದಾಶಿವಯ್ಯನವರೂ ಚಿತ್ರಸಾಹಿತಿಗಳೇ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರವೆಂದು ಹೆಸರಾದ ‘ಅಮರಶಿಲ್ಪಿ ಜಕಣಾಚಾರಿ’ಗೆ (1964) ಹಾಡು ಬರೆದವರು. ಹೆಸರಿನ ಮುಂದಿನ ‘ಚಿ.’ ತಂದೆಯಿಂದ ಮಗನಿಗೆ, ಮಗನಿಂದ ನಟ-ನಿರ್ದೇಶಕರಾದ ಮೊಮ್ಮಗ ಚಿ. ಗುರುದತ್ ಅವರಿಗೆ ಬಂದಿದೆ.

ಉದಯಶಂಕರ್ ಸಂಭಾಷಣೆ, ಹಾಡು ಬರೆದು ಚಿತ್ರರಂಗಕ್ಕೆ ಕಾಲಿಟ್ಟದ್ದು 1963ರ ‘ಸಂತ ತುಕಾರಾಂ’ ಚಿತ್ರದಿಂದ. ಪುಣೆಯ ಕನ್ನಡಿಗರಾದ ನಮಗೆ ಇದು ವಿಶೇಷವಾಗಿ ಹತ್ತಿರದ ವಿಷಯ. ತುಕಾರಾಮರ ದೇಹು ನಮ್ಮ ಊರಿನಿಂದ ಒಂದು ಗಂಟೆಯ ದಾರಿ. ಆಷಾಢ ಬಂತೆಂದರೆ ಅವರ ಪಾಲಖಿ ನಮ್ಮ ಬೀದಿಗಳ ಮೇಲೇ ಹಾದುಹೋಗುತ್ತದೆ. ತುಕಾರಾಮರನ್ನು ತೆರೆಗೆ ತಂದ ಅತ್ಯಂತ ಪ್ರಸಿದ್ಧ ಚಿತ್ರ ತಯಾರಾದದ್ದೂ ಇದೇ ಊರಿನಲ್ಲಿ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಫಿಲಂ ಕಂಪನಿ 1936ರಲ್ಲಿ ಮರಾಠಿಯ ‘ಸಂತ ತುಕಾರಾಮ್’ ಚಿತ್ರವನ್ನು ಹೊರತಂದಿತು. ನಿರ್ದೇಶಕರು ದಾಮ್ಲೆ ಮತ್ತು ಫತ್ತೇಲಾಲ್. ತುಕಾರಾಮರಾದವರು ವಿಷ್ಣುಪಂತ ಪಾಗ್ನೀಸ್. ಮುಂಬಯಿಯಲ್ಲಿ ಒಂದು ವರ್ಷಕ್ಕೂ ಮೀರಿ ಓಡಿತು; 1937ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಆ ಸ್ಟುಡಿಯೋದ ಆವರಣದಲ್ಲಿ ಈಗ ಫಿಲಂ ಇನ್‌ಸ್ಟಿಟ್ಯೂಟ್ ಇದೆ. ಪ್ರಭಾತ್ ಹೆಸರು ಪ್ರಭಾತ್ ರಸ್ತೆಯಲ್ಲಿ ಉಳಿದಿದೆ.

ಆ ಮರಾಠಿ ಚಿತ್ರದ ಒಂದು ಸಂಗತಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಚಿತ್ರದಲ್ಲಿ ಸಾಲೋಮಾಲೋ ಎಂಬ ಪಾತ್ರವಿದೆ. ತುಕಾರಾಮರ ಅಭಂಗಗಳನ್ನು ತನ್ನವೇ ಎಂದು ಹೇಳಿಕೊಂಡು ತಿರುಗುವ ಮನುಷ್ಯ. ಹಾಗೆ ಮತ್ತೊಬ್ಬರ ಕೃತಿಗೆ ತನ್ನ ಹೆಸರು ಹಚ್ಚುವವನ ಕಥೆ ತೆರೆಯ ಮೇಲೆ ನಡೆಯುತ್ತಿದ್ದರೆ, ತೆರೆಯ ಹಿಂದೆ ಇದಕ್ಕೆ ತೀರ ವಿರುದ್ಧವಾದುದು ನಡೆದಿತ್ತು. ಚಿತ್ರದ ಎಲ್ಲ ಹಾಡುಗಳೂ ತುಕಾರಾಮರ ಗಾಥೆಯವಲ್ಲ. ಒಂದು ಪ್ರಸಿದ್ಧ ಹಾಡನ್ನು ಬರೆದವರು ಪ್ರಭಾತ್‌ನ ಕವಿ ಶಾಂತಾರಾಮ ಆಠವಲೆ. ಅದನ್ನು ಅವರು ಅಭಂಗದ ಧಾಟಿಯಲ್ಲಿ ಎಷ್ಟು ಹದವಾಗಿ ಬರೆದರೆಂದರೆ ಬಲ್ಲವರೂ ಅದು ತುಕಾರಾಮರದೇ ಎಂದು ನಂಬಿದ್ದುಂಟು. ಸಾಲೋಮಾಲೋ ಸಂತನ ಹಾಡನ್ನು ತನ್ನ ಹೆಸರಿಗೆ ಬರೆದುಕೊಂಡ. ಆಠವಲೆಯವರ ಹಾಡು ತಾನಾಗಿಯೇ ಸಂತನ ಹೆಸರಿಗೆ ಸಂದಿತು.

ಇಪ್ಪತ್ತೇಳು ವರ್ಷಗಳ ನಂತರ ಕನ್ನಡದ ತುಕಾರಾಮನಿಗೆ ಮಾತು ಕೊಡುವ ಕೆಲಸ ಇನ್ನೂ ಮೂವತ್ತು ತುಂಬದ ಉದಯಶಂಕರ್ ಪಾಲಿಗೆ ಬಂತು. ನಿರ್ದೇಶಕರು ಸುಂದರರಾವ್ ನಾಡಕರ್ಣಿ, ಸಂಗೀತ ವಿಜಯಭಾಸ್ಕರ್, ತುಕಾರಾಮನ ಪಾತ್ರದಲ್ಲಿ ರಾಜಕುಮಾರ್. ವಿಠಲನನ್ನು ಕನ್ನಡಕ್ಕೆ ಹೊಸದಾಗಿ ಕರೆತರಬೇಕಾದ ಅಗತ್ಯವಿರಲಿಲ್ಲ. ಪುರಂದರದಾಸರ ಕಾಲದಿಂದಲೂ ಆತ ಇಲ್ಲೇ ಇದ್ದಾನೆ. ಆದ್ದರಿಂದ ಆ ಚಿತ್ರದ ಹಾಡುಗಳು ಮರಾಠಿಯ ನೆರಳಿನಂತೆ ಕೇಳುವುದಿಲ್ಲ, ನಮ್ಮ ಭಜನೆಯ ಮನೆಯವರಂತೆಯೇ ಕೇಳುತ್ತವೆ. ಆಠವಲೆಯವರಿಗಾದದ್ದು ಉದಯಶಂಕರ್ ಅವರಿಗೂ ಮುಂದೆ ಆಗಲಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಅವರು ಬಂದ ಕಾಲ ಎಂತಹುದೆಂದು ಸ್ವಲ್ಪ ನೆನೆಯಬೇಕು. ಆಗ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. 1960ರಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಅವರು ಕಲಾವಿದರ ಸಂಘ ಕಟ್ಟಿಕೊಂಡು ‘ರಣಧೀರ ಕಂಠೀರವ’ ತೆಗೆದದ್ದು, ಕನ್ನಡ ಚಿತ್ರಗಳ ಸಂಖ್ಯೆ ಅಷ್ಟು ಕಡಿಮೆಯಿದ್ದುದರಿಂದಲೇ. ಮುಂದೆ ಅ.ನ.ಕೃ. ಮೊದಲಾದವರು ಮುಂದೆ ನಿಂತು ನಡೆಸಿದ ಚಳವಳಿಯಿಂದ ಡಬ್ಬಿಂಗ್ ಚಿತ್ರಗಳು ನಿಂತುಹೋದವು. ಅಲ್ಲಿಂದ ಕನ್ನಡದಲ್ಲಿ ತೆಗೆಯಬೇಕಾದ ಚಿತ್ರಗಳು ಹೆಚ್ಚಿದವು. ಚಿತ್ರಗಳು ಹೆಚ್ಚಿದಂತೆ ಕನ್ನಡದಲ್ಲಿ ಬೇಗ ಬರೆಯಬಲ್ಲ ಕೈಗಳೂ ಬೇಕಾದವು. ಹುಣಸೂರು ಕೃಷ್ಣಮೂರ್ತಿ, ಜಿ.ವಿ. ಅಯ್ಯರ್, ಕು.ರಾ. ಸೀತಾರಾಮ ಶಾಸ್ತ್ರಿ, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್ ಇವರೆಲ್ಲ ಆ ಕಾಲದ ದುಡಿಮೆಗಾರರು. ಅವರ ನಡುವೆ ಉದಯಶಂಕರ್ ವೇಗಕ್ಕೂ ಸಮೃದ್ಧಿಗೂ ಹೆಸರಾದರು. ‘ಸಾಹಿತ್ಯರತ್ನ’ ಎಂದು ಜನ ಕರೆದರು. ಸಣ್ಣಪುಟ್ಟ ಪಾತ್ರಗಳಲ್ಲಿ ತೆರೆಯ ಮೇಲೂ ಆಗಾಗ ಕಾಣಿಸಿಕೊಂಡರು.

ಚಿತ್ರಕ್ಕೆ ಹಾಡು ಬರೆಯುವುದು ಮೇಜಿನ ಮುಂದೆ ಕುಳಿತು ಕವಿತೆ ಬರೆದಂತಲ್ಲ. ಎಷ್ಟೋ ಸಲ ಮಟ್ಟು ಮೊದಲು ಹುಟ್ಟುತ್ತದೆ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮುಂದಿಟ್ಟುಕೊಂಡು ‘ತನನ’ ಎಂದು ಅದನ್ನು ಹಾಡುತ್ತಾರೆ. ನಿರ್ದೇಶಕರು ಸನ್ನಿವೇಶ ಹೇಳುತ್ತಾರೆ: ನಾಯಕ ಸೋತಿದ್ದಾನೆ, ಆದರೆ ತೋರಿಸಿಕೊಳ್ಳಬಾರದು. ಕವಿ ಆ ‘ತನನ’ದ ಅಳತೆಗೆ ಸರಿಯಾಗಿ, ದೀರ್ಘ ಬಂದಲ್ಲಿ ದೀರ್ಘ, ಹ್ರಸ್ವ ಬಂದಲ್ಲಿ ಹ್ರಸ್ವ ಕೂಡಿಸಿ, ಗಾಡಿ ಹೊಡೆಯುವವನಿಗೂ ಅರ್ಥವಾಗುವ ಮಾತಿನಲ್ಲಿ ಬರೆಯಬೇಕು. ಮಟ್ಟು ಬದಲಾದರೆ ಬರೆದದ್ದನ್ನು ಹರಿದು ಮತ್ತೆ ಬರೆಯಬೇಕು. ಸಂಭಾಷಣೆಯದು ಇನ್ನೊಂದು ಬಗೆಯ ಕಷ್ಟ. ಅಲ್ಲಿ ಚೆಂದದ ವಾಕ್ಯವಾದರೆ ಸಾಲದು, ಆಡುವ ನಟನ ಉಸಿರಿಗೆ ಹೊಂದಬೇಕು.

‘ಕಸ್ತೂರಿ ನಿವಾಸ’ವನ್ನು (1971) ನೋಡಿ. ದೊರೆ-ಭಗವಾನ್ ನಿರ್ದೇಶನ, ಕಥೆ ತಮಿಳಿನ ಜಿ. ಬಾಲಸುಬ್ರಹ್ಮಣ್ಯಂ ಅವರದು. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ಕೊಟ್ಟು ಕೊಟ್ಟೇ ಬರಿಗೈಯಾಗುತ್ತಾನೆ, ಬೇಡುವ ಕೈ ಮಾತ್ರ ಚಾಚುವುದಿಲ್ಲ. ಹೊರಗಿನಿಂದ ಬಂದ ಕಥೆಯೆಂದು ನೋಡಿದವರಿಗೆ ಅನ್ನಿಸುವುದೇ ಇಲ್ಲ. ಅದಕ್ಕೆ ಕಾರಣ ಮಾತು. ಬಿದ್ದರೂ ಎದ್ದು ನಿಲ್ಲುವ ಬೊಂಬೆಯನ್ನು ಮುಂದಿಟ್ಟುಕೊಂಡು ಉದಯಶಂಕರ್ ಬರೆದ ಹಾಡಿನಲ್ಲಿ ಆ ಮನುಷ್ಯನ ಸ್ವಭಾವವೆಲ್ಲ ಇದೆ. ಮೊದಲು ಅದು ಮಗುವಿಗೆ ಹಾಡಿದ ಹಾಡು. ಅದೇ ಮಟ್ಟು ಆಮೇಲೆ ದುಃಖದಲ್ಲಿ ಮರಳಿದಾಗ ಬದುಕಿನ ಹಾಡಾಗುತ್ತದೆ. 2014ರಲ್ಲಿ ಈ ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಜನ ಮತ್ತೆ ಹೋಗಿ ನೋಡಿದರು.

1974ರ ‘ಎರಡು ಕನಸು’ ವಾಣಿಯವರ ಕಾದಂಬರಿ. 1977ರ ‘ಸನಾದಿ ಅಪ್ಪಣ್ಣ’ ಕೃಷ್ಣಮೂರ್ತಿ ಪುರಾಣಿಕರ ಕೃತಿ, ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. 1983ರ ‘ಕವಿರತ್ನ ಕಾಳಿದಾಸ’ದಲ್ಲಿ ಮೊದಲರ್ಧದಲ್ಲಿ ಕುರಿ ಕಾಯುವವನ ಮಾತು, ಕಾಳಿಯ ವರವಾದ ಮೇಲೆ ಕವಿಯ ಮಾತು. ಒಂದೇ ಲೇಖನಿ ಒಂದೇ ಚಿತ್ರದಲ್ಲಿ ಎರಡು ಕನ್ನಡವನ್ನು ಬರೆಯಬೇಕಿತ್ತು. ಕಾಳಿದಾಸನದೆಂದು ಪರಂಪರೆ ಹೇಳುವ ಶ್ಯಾಮಲಾ ದಂಡಕವೂ ಆ ಚಿತ್ರದಲ್ಲಿದೆ, ಉದಯಶಂಕರ್ ಅವರ ಹಾಡುಗಳೂ ಇವೆ. ಪಕ್ಕಪಕ್ಕದಲ್ಲಿ ಕುಳಿತರೂ ಅವು ಸಂಕೋಚಪಡುವುದಿಲ್ಲ.

ಇಷ್ಟೆಲ್ಲ ಬರೆದವರ ಹೆಸರು ಜನರ ನಾಲಿಗೆಯಿಂದ ಏಕೆ ಜಾರಿತು? ನನಗೆ ತೋಚುವ ಕಾರಣವೊಂದಿದೆ. 1974ರವರೆಗೆ ರಾಜಕುಮಾರ್ ಚಿತ್ರದ ಹಾಡೆಂದರೆ ಸಾಮಾನ್ಯವಾಗಿ ಪಿ.ಬಿ. ಶ್ರೀನಿವಾಸ್ ಕಂಠ. ಆ ವರ್ಷ ಪಿ.ಬಿ. ಧುತ್ತರಗಿಯವರ ನಾಟಕವನ್ನು ಆಧರಿಸಿದ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ, ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ, ನಾಯಕ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡನ್ನು ರಾಜಕುಮಾರ್ ತಾವೇ ಹಾಡಿದರು. ಬರೆದವರು ಉದಯಶಂಕರ್. ಹಾಡು ಊರೂರಿನಲ್ಲಿ ಮೊಳಗಿತು, ಅಲ್ಲಿಂದ ಮುಂದೆ ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಆಗೇನಾಯಿತು? ತೆರೆಯ ಮೇಲಿನ ಮುಖ, ಆಡುವ ಮಾತು, ಹಾಡುವ ಕಂಠ ಮೂರೂ ಒಬ್ಬರದೇ ಆಯಿತು. ಆ ಮಾತು, ಆ ಹಾಡು ಇನ್ನೊಬ್ಬರ ಬರಹ ಎಂದು ನೆನಪಿಸುವ ಸಂದಿ ಎಲ್ಲಿಯೂ ಉಳಿಯಲಿಲ್ಲ. ಅಷ್ಟು ಹೊಂದಿಕೊಂಡದ್ದು ಬರೆದವರ ಗೆಲುವು. ಆ ಗೆಲುವೇ ಅವರ ಹೆಸರನ್ನು ನುಂಗಿತು.

ಇದು ಕನ್ನಡಕ್ಕೆ ಮಾತ್ರ ಬಂದ ಕಷ್ಟವಲ್ಲ. ಅಮೆರಿಕದ ಹಾಲಿವುಡ್‌ನಲ್ಲಿ ಬೆನ್ ಹೆಕ್ಟ್ ಎಂಬೊಬ್ಬ ಬರಹಗಾರನಿದ್ದ (1894–1964). ಶಿಕಾಗೋದ ಪತ್ರಕರ್ತ; ಅಲ್ಲಿ ಹಣ ಬೇಕಾದಷ್ಟಿದೆ, ಬಾ ಎಂದು ಗೆಳೆಯನ ತಂತಿ ಬಂದದ್ದೇ ಚಿತ್ರರಂಗಕ್ಕೆ ಹೋದ. ಆಸ್ಕರ್ ಪ್ರಶಸ್ತಿಗಳನ್ನು ಮೊಟ್ಟಮೊದಲು 1929ರಲ್ಲಿ ಹಂಚಿದಾಗ ಮೂಲಕಥೆಗಾಗಿ ಬಹುಮಾನ ಸಿಕ್ಕಿದ್ದು ಇವನಿಗೆ. ‘ಸ್ಕಾರ್‌ಫೇಸ್’ (1932), ಹಿಚ್‌ಕಾಕ್ ತೆಗೆದ ‘ನಟೋರಿಯಸ್’ (1946) ಇವನ ಬರವಣಿಗೆ. ಹೆಸರಿಲ್ಲದೆ ಬರೆದುಕೊಟ್ಟ ಚಿತ್ರಗಳೂ ಬಹಳ. 1939ರ ‘ಗಾನ್ ವಿತ್ ದಿ ವಿಂಡ್’ ಚಿತ್ರಕಥೆ ನಡುದಾರಿಯಲ್ಲಿ ಕೆಟ್ಟು ನಿಂತಾಗ ನಿರ್ಮಾಪಕ ಸೆಲ್ಜ್‌ನಿಕ್ ಹೆಕ್ಟ್‌ನನ್ನು ಕರೆಸಿದ. ಹೆಕ್ಟ್ ಮೂಲ ಕಾದಂಬರಿಯನ್ನೇ ಓದಿರಲಿಲ್ಲ! ನಿರ್ಮಾಪಕನೂ ನಿರ್ದೇಶಕನೂ ಸೇರಿ ದೃಶ್ಯಗಳನ್ನು ಅಭಿನಯಿಸಿ ತೋರಿಸಿದರು, ತಾನು ಕುಳಿತು ಬರೆದೆ ಎಂದು ಆತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ತೆರೆಯ ಮೇಲೆ ಚಿತ್ರಕಥೆಗೆ ಬಂದ ಹೆಸರು ಸಿಡ್ನಿ ಹೋವರ್ಡ್ ಒಬ್ಬರದೇ. ಅವರು ಚಿತ್ರ ಬಿಡುಗಡೆಯಾಗುವ ಮೊದಲೇ ತೀರಿಕೊಂಡಿದ್ದರು. ಆಸ್ಕರ್ ಮರಣಾನಂತರ ಸಂದಿತು.

ಹೆಕ್ಟ್‌ಗೆ ಚಿತ್ರದ ಬರವಣಿಗೆ ಹಣದ ದಾರಿ. ಅದರ ಬಗ್ಗೆ ಅವನಿಗೆ ದೊಡ್ಡ ಗೌರವವೇನೂ ಇರಲಿಲ್ಲ. ಹೆಸರು ಬರದಿದ್ದರೆ ಹಣವಾದರೂ ಬರುತ್ತಿತ್ತು. ನಮ್ಮ ದೇಶದಲ್ಲಿ ಹೆಸರಿಗಾಗಿ ಹಟ ಹಿಡಿದವರು ಸಲೀಂ-ಜಾವೇದ್. 1973ರಲ್ಲಿ ‘ಜಂಜೀರ್’ ಬಿಡುಗಡೆಯಾದಾಗ ಪೋಸ್ಟರುಗಳಲ್ಲಿ ತಮ್ಮ ಹೆಸರಿಲ್ಲವೆಂದು ಪೇಂಟರನನ್ನು ಗೊತ್ತುಮಾಡಿ ಮುಂಬಯಿಯ ಪೋಸ್ಟರುಗಳ ಮೇಲೆ ಹೆಸರು ಬರೆಸಿದರು. ಅದೇ ಸಲೀಂ-ಜಾವೇದ್ ಕನ್ನಡದ ‘ಪ್ರೇಮದ ಕಾಣಿಕೆ’ಗೆ (1976) ಕಥೆ ಕೊಟ್ಟರು. ಅದಕ್ಕೆ ಕನ್ನಡದ ಮಾತು ಕೊಟ್ಟವರು ಉದಯಶಂಕರ್. ಪೋಸ್ಟರಿನ ಮೇಲೆ ಹೆಸರು ಬರೆಸಿದವರೂ, ಹೆಸರು ಹೇಳದೆ ಬಿಟ್ಟರೂ ಬರೆಯುತ್ತ ಹೋದವರೂ ಒಂದೇ ಚಿತ್ರದಲ್ಲಿ ಜೊತೆಯಾದರು.

ಉದಯಶಂಕರ್ ಬರೆದದ್ದೆಲ್ಲ ಚಿನ್ನವೆಂದು ನಾನು ಹೇಳುವುದಿಲ್ಲ. ಅಷ್ಟು ಬರೆದವರಿಗೆ ಅದು ಸಾಧ್ಯವೂ ಇಲ್ಲ. ಅದೇ ಚೆಲುವು, ಅದೇ ಒಲವು, ಅದೇ ಬಾಳು-ಗೋಳುಗಳ ಪ್ರಾಸ ಹಾಡಿನಿಂದ ಹಾಡಿಗೆ ಬಂದದ್ದುಂಟು. ಕೆಲವು ಸಂಭಾಷಣೆಗಳು ಉಪದೇಶಕ್ಕೆ ತಿರುಗಿದ್ದುಂಟು. ಕಾವ್ಯದ ವಿಮರ್ಶಕರು ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ ಸರಳವಾಗಿ ಬರೆಯುವುದು ಸುಲಭವೆಂದು ತಿಳಿಯುವವರು ಒಂದು ಮಟ್ಟಿಗೆ ನಾಲ್ಕು ಸಾಲು ಕೂಡಿಸಿ ನೋಡಲಿ. ನಾನು ಕೂಡಿಸಿ ನೋಡಿದ್ದೇನೆ. ಎರಡನೆಯ ಸಾಲಿಗೇ ಕೈಬಿಟ್ಟೆ.

ಈಗ ಮೊದಲೇ ಹೇಳಿದ ಮಾತಿಗೆ ಬರುತ್ತೇನೆ. ಚಿತ್ರಗಳ ಹೊರಗೂ ಉದಯಶಂಕರ್ ಬರೆದರು. ರಾಘವೇಂದ್ರ ಸ್ವಾಮಿಗಳ ಮೇಲೆ ಅವರು ಬರೆದ, ಎಂ. ರಂಗರಾವ್ ಸಂಗೀತ ನೀಡಿದ, ರಾಜಕುಮಾರ್ ಹಾಡಿದ ಭಕ್ತಿಗೀತೆಗಳು ಕ್ಯಾಸೆಟ್ಟುಗಳ ಕಾಲದಲ್ಲಿ ಮನೆಮನೆಗೆ ಬಂದವು. ಗುರುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಆ ಹಾಡು ಕೇಳದೆ ಒಲೆ ಹೊತ್ತುತ್ತಿರಲಿಲ್ಲ. ಈಚೆಗೆ ನಮ್ಮ ಬಡಾವಣೆಯ ಭಜನಾ ಮಂಡಳಿಯಲ್ಲಿ ತಾಯಂದಿರು ಆ ಗುರುವಾರದ ಹಾಡನ್ನು ಹಾಡಿದರು. ಮುಗಿದ ಮೇಲೆ ಒಬ್ಬರನ್ನು, ‘ಇದು ಯಾರು ಬರೆದದ್ದಮ್ಮಾ?’ ಎಂದು ಕೇಳಿದೆ. ‘ಹಳೇದು ಕಣಪ್ಪ, ದಾಸರ ಪದ’ ಎಂದರು. ನಾನು ತಿದ್ದಲು ಬಾಯಿ ತೆರೆದೆ. ಆದರೆ ಅವರ ಮುಖದಲ್ಲಿದ್ದ ಭಕ್ತಿಯನ್ನು ಕಂಡು ಸುಮ್ಮನಾದೆ. ಆಠವಲೆಯವರಿಗೆ ಪುಣೆಯಲ್ಲಿ ಸಂದ ಗೌರವ ಉದಯಶಂಕರ್ ಅವರಿಗೂ ಪುಣೆಯಲ್ಲೇ ಸಂದಿತ್ತು. ಬರೆದ ಹಾಡು ದಾಸರ ಪದವೆನಿಸಿಕೊಳ್ಳುವುದಕ್ಕಿಂತ ದೊಡ್ಡ ಬಹುಮಾನ ಯಾವುದಿದೆ?

ಹಾಗಾದರೆ ಹೆಸರೇಕೆ ಬೇಕು ಎಂದು ಯಾರಾದರೂ ಕೇಳಬಹುದು. ದಾಸರನ್ನೇ ಕೇಳಬೇಕು. ಭಗವಂತನ ಮುಂದೆ ತಾನು ಧೂಳೆಂದು ಹಾಡಿದ ದಾಸರು ಕೂಡ ಪದದ ಕೊನೆಯಲ್ಲಿ ಅಂಕಿತವನ್ನು ಬಿಡಲಿಲ್ಲ. ವಚನಕಾರರೂ ಬಿಡಲಿಲ್ಲ, ತುಕಾರಾಮರೂ ಬಿಡಲಿಲ್ಲ. ಅದು ಅಹಂಕಾರವಲ್ಲ; ಈ ಮಾತಿಗೆ ನಾನು ಹೊಣೆ ಎಂದು ಹೇಳುವ ರೀತಿ. ಅಂಕಿತವಿದ್ದುದರಿಂದಲೇ ನಾಲ್ಕೈದು ಶತಮಾನಗಳ ನಂತರವೂ ಇದು ಪುರಂದರದಾಸರದು, ಇದು ಕನಕದಾಸರದು ಎಂದು ನಾವು ಗುರುತಿಸುತ್ತೇವೆ. ಚಿತ್ರಗೀತೆಗೆ ಅಂಕಿತವಿಲ್ಲ. ಅದನ್ನು ಹಾಕಬೇಕಾದವರು ಕೇಳುವ ನಾವು.

ಹಿಂದೆ ಅದಕ್ಕೆ ಏರ್ಪಾಡಿತ್ತು. ಆಕಾಶವಾಣಿಯಲ್ಲಿ ಹಾಡು ಹಾಕುವ ಮೊದಲು ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ವರದಿ ಒಪ್ಪಿಸುವಂತೆ ಹೇಳುತ್ತಿದ್ದರು. ಚಿತ್ರಮಂದಿರದ ಬಾಗಿಲಲ್ಲಿ ಹಾಡಿನ ಪುಸ್ತಕ ಸಿಗುತ್ತಿತ್ತು. ಬಣ್ಣದ ತೆಳು ಕಾಗದದ ಮೇಲೆ ಬರೆದವರ ಹೆಸರೂ ಅಚ್ಚಾಗುತ್ತಿತ್ತು. ನನ್ನ ಬಾಲ್ಯದ ಕ್ಯಾಸೆಟ್ಟಿನ ಹೊದಿಕೆಯ ಮೇಲೂ ಇರುತ್ತಿತ್ತು. ಈಗ ಮೊಬೈಲಿನಲ್ಲಿ ಬೆರಳಿಟ್ಟರೆ ಹಾಡು ಬರುತ್ತದೆ. ಎಷ್ಟೋ ಸಲ ಚಿತ್ರ, ಗಾಯಕರ ಹೆಸರು ಕಾಣುತ್ತದೆ, ಬರೆದವರದು ಹುಡುಕಿದರೂ ಸಿಗದು. ನೀರಿನಲ್ಲಿ ಕರಗಿದ ಉಪ್ಪು ಹನಿಹನಿಯಲ್ಲೂ ಇದ್ದರೂ ಕಣ್ಣಿಗೆ ಬೀಳುವುದಿಲ್ಲ ಎಂದು ನಾವು ಪ್ರಯೋಗಶಾಲೆಯಲ್ಲಿ ಕಲಿತದ್ದು ಇಂತಹುದನ್ನೇ.

1992ರಲ್ಲಿ ಕೆಲವು ವರ್ಷಗಳ ಬಿಡುವಿನ ನಂತರ ರಾಜಕುಮಾರ್ ‘ಜೀವನ ಚೈತ್ರ’ದಲ್ಲಿ ಮತ್ತೆ ತೆರೆಗೆ ಬಂದರು. ಅದರಲ್ಲಿ ನಾದದ ಮಹಿಮೆಯನ್ನು ಕುರಿತ ಹಾಡಿಗಾಗಿ ಅವರಿಗೆ ಶ್ರೇಷ್ಠ ಗಾಯಕನೆಂದು ರಾಷ್ಟ್ರಪ್ರಶಸ್ತಿ ಬಂತು. ಸಂಗೀತ ಉಪೇಂದ್ರಕುಮಾರ್, ಬರೆದವರು ಉದಯಶಂಕರ್. ತುಕಾರಾಮನಿಂದ ಶುರುವಾದ ಜೊತೆ ಅಲ್ಲಿಯವರೆಗೂ ನಡೆದಿತ್ತು. 1993ರಲ್ಲಿ ಉದಯಶಂಕರ್ ತೀರಿಕೊಂಡರು. ಆಗ ಅವರಿಗೆ ಐವತ್ತೊಂಬತ್ತು. ಕಣ್ಣು ಮುಚ್ಚುವ ಹೊತ್ತಿಗೂ ಅವರ ಹಾಡುಗಳು ಎಲ್ಲೋ ಒಂದು ರೇಡಿಯೋದಲ್ಲಿ ಬರುತ್ತಲೇ ಇದ್ದಿರಬೇಕು.

ಸಂಘದ ಸದಸ್ಯರಲ್ಲಿ ನನ್ನದು ಎರಡು ವಿನಂತಿ. ಮುಂದಿನ ರಾಜ್ಯೋತ್ಸವದಲ್ಲಿ ಯಾವ ಹಾಡೇ ಇರಲಿ, ಮಕ್ಕಳು ಕುಣಿಯುವ ಮೊದಲು ನಿರೂಪಕರು ಮೂರು ಹೆಸರು ಹೇಳಲಿ: ಬರೆದವರು, ಮಟ್ಟು ಹಾಕಿದವರು, ಹಾಡಿದವರು. ಅರ್ಧ ನಿಮಿಷದ ಕೆಲಸ. ಎರಡನೆಯದು, ನಿಮ್ಮ ಮನೆಯ ಅಟ್ಟದಲ್ಲಿ, ಊರಿನಿಂದ ತಂದ ಟ್ರಂಕಿನಲ್ಲಿ ಹಳೆಯ ಹಾಡಿನ ಪುಸ್ತಕಗಳಿದ್ದರೆ ರದ್ದಿಗೆ ಹಾಕಬೇಡಿ; ಸಂಘಕ್ಕೆ ಕೊಡಿ. ನಾನು ಬಂದು ತೆಗೆದುಕೊಂಡು ಹೋಗುತ್ತೇನೆ, ಪಟ್ಟಿಯನ್ನೂ ಮಾಡುತ್ತೇನೆ. ಪಟ್ಟಿ ಮಾಡುವುದು, ಯಾರು ಬರೆದದ್ದೆಂದು ಮೂಲೆಯಲ್ಲಿ ಗುರುತು ಹಾಕುವುದು ನನಗೆ ಅಭ್ಯಾಸವಿರುವ ಕೆಲಸ.